ಸೊಗಡಿಗೆ ಇಂಗ್ಲಿಷಿನಲ್ಲಿ ಏನೆನ್ನುವರು?

ಭಾಷೆಯೊಂದರ ಸಂಪತ್ತನ್ನು ಅಳೆಯಹೊರಟ ವಿದ್ವಾಂಸರು ಮೊದಲು ಅದರ ಕಾವ್ಯಗಳನ್ನು ತಿರುವಿಹಾಕುತ್ತಾರೆ, ಅನಂತರ ಶಾಸ್ತ್ರಗ್ರಂಥಗಳನ್ನು; ಅಡುಗೆಯ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವರು ವಿರಳ. ನಾಲಗೆಯೆಂಬ ಶಬ್ದಕ್ಕೆ ನುಡಿಯೆಂಬ ಅರ್ಥವೂ ರುಚಿಯನ್ನರಿಯುವ ಅಂಗವೆಂಬ ಅರ್ಥವೂ ನಮ್ಮಲ್ಲಿ ಒಟ್ಟಿಗೇ ಇದ್ದರೂ, ಮೊದಲನೆಯದಕ್ಕೆ ಸಂದ ಮರ್ಯಾದೆ ಎರಡನೆಯದಕ್ಕೆ ಸಂದಿಲ್ಲ. ಕನ್ನಡದಲ್ಲಿ ಪಾಕಶಾಸ್ತ್ರದ ಪರಂಪರೆ ಇಲ್ಲದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಭಾಗವೇ ಮೀಸಲಾಗಿದೆ, ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡುಗೆಯನ್ನೇ ವಸ್ತುವಾಗಿಸಿಕೊಂಡು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು. ಆದರೂ ಇಂದಿನ ವಿದ್ಯಾರ್ಥಿಗೆ, ನೀನು ಮಧ್ಯಾಹ್ನ ಉಂಡ ಸಾರು ಹೇಗಿತ್ತೆಂದು ನಾಲ್ಕು ವಾಕ್ಯಗಳಲ್ಲಿ ಬರೆಯೆಂದರೆ, ಮೊದಲ ವಾಕ್ಯ ‘ಸೂಪರ್’ ಎಂಬಲ್ಲಿಗೆ ಮುಗಿದು, ಉಳಿದ ಮೂರಕ್ಕೆ ಅವನು ಲೇಖನಿಯನ್ನು ಕಚ್ಚುತ್ತಾ ಕೂರುತ್ತಾನೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಪೊಟ್ಟಣಗಳಲ್ಲಿ ಮಾರುವ ಆಹಾರದ ಮೇಲೆ ಏನೇನನ್ನು ನಮೂದಿಸಬೇಕೆಂದು ವಿಧಿಸುವ ಕೇಂದ್ರದ 2020ರ ನಿಯಮಾವಳಿಯಂತೆ, ಆ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರತಕ್ಕದ್ದು. ಜೊತೆಗೆ ಬೇರೆ ಭಾಷೆಯನ್ನು ಬಳಸಿದರೆ ಅಡ್ಡಿಯಿಲ್ಲ, ಬಳಸಲೇಬೇಕೆಂಬ ಕಡ್ಡಾಯವೂ ಇಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು, ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರನ್ನೂ ಬಳಕೆಯ ಸೂಚನೆಗಳನ್ನೂ ಕನ್ನಡದಲ್ಲಿಯೂ ಮುದ್ರಿಸಬೇಕೆಂದು ಆಜ್ಞೆ ಹೊರಡಿಸಿತು. ಸ್ವಾಗತಾರ್ಹವಾದುದೇ ಸರಿ. ಆದರೆ ಆ ಕನ್ನಡವನ್ನು ಬರೆಯುವವರು ಯಾರು? ಎಲ್ಲಿಯೋ ಕುಳಿತ ಅನುವಾದಕನು (ಇಂದಿನ ದಿನಗಳಲ್ಲಿ ಅವನು ಒಂದು ಯಂತ್ರವೂ ಆಗಿರಬಹುದು) ‘ಟ್ಯಾಂಗಿ’, ‘ಸ್ಪೈಸಿ’, ‘ಸೇವರಿ’, ‘ಫ್ಲೇವರ್’ ಎಂಬ ಶಬ್ದಗಳನ್ನು ಮುಂದಿಟ್ಟುಕೊಂಡು, ಒಂದೋ ಅವುಗಳ ಲಿಪಿಯನ್ನಷ್ಟೇ ಬದಲಿಸುತ್ತಾನೆ, ಇಲ್ಲವೆ ಸಂಸ್ಕೃತ ನಿಘಂಟನ್ನು ತೆರೆದು ಹೊಸ ಸಮಾಸವೊಂದನ್ನು ಹೊಸೆಯುತ್ತಾನೆ. ಜನರ ಬಾಯಲ್ಲಿ ಈಗಾಗಲೇ ಏನಿದೆಯೆಂದು ಕೇಳಿ ಬರುವ ದಾರಿ ಅವನಿಗೆ ತೋಚುವುದಿಲ್ಲ. ಆ ದಾರಿ ಎಲ್ಲಿಗೆ ಹೋಗುತ್ತದೆಂಬುದಕ್ಕೆ ನಮಗೆ ಗೊತ್ತಿರುವ ಒಂದು ಸೀಮೆಯನ್ನು ಉದಾಹರಿಸುತ್ತೇವೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿ ಅಂಬಾಜಿದುರ್ಗವೆಂಬ ಬೆಟ್ಟವಿದೆ. ಅದರ ಹೆಸರಿನದೇ ಒಂದು ಹೋಬಳಿಯೂ ಇದೆ. ಮಗ್ಗುಲಲ್ಲಿ ಕೈಲಾಸಗಿರಿಯ ಗುಹಾಲಯ, ಅನತಿದೂರದಲ್ಲಿ ಕೈವಾರ. 2007ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಇದು ಕೋಲಾರಕ್ಕೆ ಸೇರಿದ್ದ ನೆಲ. ಇಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಕೆಲವೆಡೆ ಇದರ ವಿಪರ್ಯಾಯ. ಹೊಲದಲ್ಲಿ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಬದುಗಳ ಮೇಲೆ ಹುಣಸೆ, ನೀರಿರುವ ಕಡೆ ಟೊಮೆಟೊ. ರಾಗಿಯ ಕೊಯ್ಲು ಮುಗಿದು ಮಾರ್ಗಶಿರ, ಪುಷ್ಯದ ಮಂಜು ಇಳಿಯತೊಡಗಿತೆಂದರೆ ಅವರೆಯ ಕಾಲ. ಆಗ ಚಿಂತಾಮಣಿಯ ಸಂತೆಯಲ್ಲಿ ರಾಶಿಯ ಮುಂದೆ ಕುಳಿತವರು ಬೆಲೆ ಕೇಳುವುದಕ್ಕೆ ಮೊದಲು ಒಂದು ಕಾಯನ್ನು ಎತ್ತಿ, ಹೆಬ್ಬೆರಳಿನಿಂದ ಉಜ್ಜಿ, ಮೂಗಿಗೆ ಹಿಡಿದು, “ಸೊಗಡಿದೆಯೇನಮ್ಮ?” ಎನ್ನುತ್ತಾರೆ.

ಸೊಗಡೆಂದರೇನು? ಅವರೆಯ ಸಿಪ್ಪೆಯ ಮೇಲೆ ಎಣ್ಣೆಯಂಥ ಒಂದು ಅಂಟು ಒಸರುತ್ತದೆ. ಅದರ ವಾಸನೆಯನ್ನು ಸುಗಂಧವೆನ್ನುವಂತಿಲ್ಲ, ದುರ್ಗಂಧವೆಂದರಂತೂ ಆ ಸೀಮೆಯವರು ಜಗಳಕ್ಕೆ ಬಂದಾರು. ಕಾಯಿ ಸುಲಿದ ಕೈಯನ್ನು ಎಷ್ಟು ತೊಳೆದರೂ ಅದು ಸಂಜೆಯವರೆಗೆ ಬಿಡುವುದಿಲ್ಲ. ಕಾಳು ಬೆಂದಾಗ ಅದೇ ವಾಸನೆ ರುಚಿಯಾಗಿ ಪರಿಣಮಿಸಿ ಹಿತಕಿದ ಬೇಳೆಯ ಸಾರಿನಲ್ಲಿ ಇಳಿಯುತ್ತದೆ. ಮೂಗಿನಲ್ಲಿ ಹುಟ್ಟಿ ನಾಲಗೆಯಲ್ಲಿ ನೆಲೆನಿಂತ ಈ ಗುಣಕ್ಕೆ ಒಂದೇ ಮಾತಿನ ಹೆಸರು ಸೊಗಡು. ಮಂಜು ಬಿದ್ದಷ್ಟೂ ಸೊಗಡು ಏರುವುದೆಂಬುದು ಬೆಳೆಗಾರರ ನಂಬಿಕೆ.

ಕೆಲವು ವರ್ಷಗಳ ಹಿಂದೆ ಅನುವಾದದ ಅಭ್ಯಾಸಕ್ಕೆಂದು ನಮ್ಮ ಪದವಿ ತರಗತಿಯಲ್ಲಿ ‘ಅವರೆ ಸುಲಿದ ಕೈಗೆ ಸೊಗಡು ಹತ್ತಿತ್ತು’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಕೊಟ್ಟೆವು. ಅರ್ಧದಷ್ಟು ಮಂದಿ ‘ಸ್ಮೆಲ್’ ಎಂದರು. ಕೆಲವರು ‘ಅರೋಮಾ’ ಎಂದು ಸ್ವಲ್ಪ ಮೇಲೇರಿದರು. ಒಬ್ಬ ಜಾಣನು ‘ಬ್ಯೂಟಿ’ ಎಂದು ಬರೆದಿದ್ದನು. ಅವನು ಸೊಗಡನ್ನು ಸೊಗಸೆಂದು ಓದಿಕೊಂಡಿದ್ದ. ತರಗತಿಯೆಲ್ಲ ನಕ್ಕಿತು. ನಗೆ ನಿಂತಮೇಲೆ, ಹಾಗಾದರೆ ಸರಿಯಾದ ಮಾತು ಯಾವುದೆಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ‘ಫ್ಲೇವರ್’ ಎಂಬುದೇ ಸಮೀಪದ್ದೆಂದು ಹೇಳಿದೆವು. “ಹಾಗಾದರೆ ಫ್ಲೇವರಿಗೆ ಕನ್ನಡದಲ್ಲಿ ಸೊಗಡು ಎನ್ನಬಹುದಲ್ಲ ಸಾರ್?” ಎಂದಳು ಆಕೆ. ಈ ಲೇಖನದ ಬೀಜ ಆ ಪ್ರಶ್ನೆಯಲ್ಲಿದೆ.

ಆಕೆಯ ಪ್ರಶ್ನೆಯನ್ನು ಇಂಗ್ಲಿಷಿನ ಶಬ್ದಚರಿತ್ರೆಯೂ ಸಮರ್ಥಿಸುತ್ತದೆ. ‘ಫ್ಲೇವರ್’ ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಬರಿಯ ವಾಸನೆ. ಅದು ಬಾಯಿಯ ರುಚಿಯನ್ನು ಸೂಚಿಸತೊಡಗಿದ್ದು ಶತಮಾನಗಳ ಅನಂತರ. ಸೊಗಡು ನಡೆದ ದಾರಿಯೇ ಅದು! ‘ಟೇಸ್ಟ್’ ಎಂಬುದೂ ಫ್ರೆಂಚಿನ ಮೂಲಕ ಬಂದದ್ದು, ಮೂಲದಲ್ಲಿ ಮುಟ್ಟಿನೋಡುವುದೆಂದು ಅದರ ಅರ್ಥ. ಕಹಿಗೆ ಅವರು ಹೇಳುವ ‘ಬಿಟ್ಟರ್’ ಎಂಬುದಕ್ಕೂ ಕಚ್ಚುವುದೆಂಬ ಅರ್ಥದ ಅವರ ‘ಬೈಟ್’ ಎಂಬುದಕ್ಕೂ ಒಂದೇ ಬೇರು. ನಮ್ಮ ‘ರುಚಿ’ಯಾದರೋ ಸಂಸ್ಕೃತದಲ್ಲಿ ಹೊಳಪೆಂಬ ಅರ್ಥವುಳ್ಳ ಧಾತುವಿನಿಂದ ಬಂದದ್ದು. ಅವರದು ಸ್ಪರ್ಶದಿಂದ ಹುಟ್ಟಿದರೆ ನಮ್ಮದು ಬೆಳಕಿನಿಂದ ಹುಟ್ಟಿತು. ಅಚ್ಚಗನ್ನಡದ ‘ಸವಿ’ ಇವೆರಡರ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನಿದೆ. ರುಚಿಯೆಂಬುದು ಮಾತಿಗೆ ಸುಲಭವಾಗಿ ಸಿಕ್ಕುವ ವಸ್ತುವಲ್ಲ. ಯಾವ ಜನವಾದರೂ ಅದಕ್ಕೆ ಬೇರೆ ಇಂದ್ರಿಯಗಳ ಮಾತನ್ನು ಕಡ ತಂದು ಕೆಲಸ ಸಾಗಿಸಿದೆ. ಆದಕಾರಣ ಇಂಗ್ಲಿಷು ದೊಡ್ಡದು, ಕನ್ನಡ ಚಿಕ್ಕದು ಎಂದಾಗಲಿ, ಅದರ ವಿಪರೀತವನ್ನಾಗಲಿ ಸಾಧಿಸುವ ಇಚ್ಛೆ ನಮಗಿಲ್ಲ. ಯಾವ ಭಾಷೆ ಯಾವ ರುಚಿಯ ಬಳಿ ತಡೆದು ನಿಂತು ಹೆಸರಿಟ್ಟಿತು ಎಂಬುದಷ್ಟೇ ವಿಚಾರ.

ಒಗರನ್ನು ತೆಗೆದುಕೊಳ್ಳೋಣ. ಬೆಟ್ಟದ ನೆಲ್ಲಿಕಾಯಿ, ಎಳೆಯ ಅಡಕೆ, ಬಾಳೆಯ ಕಾಯಿ, ಎಳೆ ಮಾವಿನ ಮಿಡಿ, ನೇರಳೆ, ಇವನ್ನು ಕಚ್ಚಿದ ಮೂರು ವರ್ಷದ ಕೂಸಿಗೂ ನಮ್ಮಲ್ಲಿ ಒಗರೆಂಬ ಮಾತು ಸಿದ್ಧವಾಗಿದೆ. ತೆಲುಗಿನಲ್ಲಿ ಇದು ‘ವಗರು’. ಅಂಬಾಜಿದುರ್ಗದ ಸೀಮೆಯಲ್ಲಿ ಎರಡು ಭಾಷೆಯ ಮಕ್ಕಳು ಒಂದೇ ಮರದ ಕಾಯನ್ನು ತಿಂದು ಒಂದೇ ಮಾತಿನಿಂದ ಮುಖ ಕಿವುಚುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಮಾತಿಲ್ಲವೆ? ಇದೆ: ‘ಆಸ್ಟ್ರಿಂಜೆಂಟ್’. ಬಿಗಿದು ಕಟ್ಟು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ, ವೈದ್ಯರ ಹಾಗೂ ಔಷಧಾಲಯಗಳ ಶಬ್ದ. ಅರ್ಥ ಬಹು ಸಮರ್ಪಕವಾದದ್ದೇ. ಕಾಯಿಯಲ್ಲಿರುವ ಟ್ಯಾನಿನ್ ಎಂಬ ದ್ರವ್ಯವು ಜೊಲ್ಲಿನ ಪ್ರೋಟೀನುಗಳೊಡನೆ ಸೇರಿ ಕಟ್ಟಿಕೊಂಡು ಬಾಯಿಯ ನುಣುಪನ್ನು ಕಳೆಯುವುದರಿಂದಲೇ ಒಗರು ಹುಟ್ಟುತ್ತದೆ. ಆದರೆ ಲಂಡನ್ನಿನ ಯಾವ ಮಗುವೂ ಈ ಶಬ್ದವನ್ನು ಅಳುತ್ತಾ ಹೇಳಲಾರದು. ಶಬ್ದವು ಕೋಶದಲ್ಲಿರುವುದು ಬೇರೆ, ತುಟಿಯ ಮೇಲಿರುವುದು ಬೇರೆ. ಚಹದ ವ್ಯಾಪಾರಿಗಳು ಹಿತವಾದ ಒಗರನ್ನು ‘ಬ್ರಿಸ್ಕ್’ ಎನ್ನುತ್ತಾರೆ. ಅದು ಆ ಕಸುಬಿನ ಒಳಮಾತಾಗಿಯೇ ಉಳಿದಿದೆ.

ಇನ್ನು ಸಂಸ್ಕೃತದ ಕಡೆಗೆ ಹೋಗುವವರಿಗೂ ಒಂದು ಎಚ್ಚರಿಕೆ ಬೇಕು. ಆಯುರ್ವೇದದ ಷಡ್ರಸಗಳಲ್ಲಿ ಒಗರಿನ ಹೆಸರು ‘ಕಷಾಯ’. ಪೊಟ್ಟಣದ ಮೇಲೆ ‘ಕಷಾಯ ರುಚಿ’ ಎಂದು ಬರೆದರೆ ಕನ್ನಡಿಗನು ಶುಂಠಿ, ಜೀರಿಗೆ, ಕೊತ್ತಂಬರಿ ಕುದಿಸಿದ ನೀರನ್ನೇ ನೆನೆದಾನು. ‘ಕಟು’ ಎಂಬುದು ಷಡ್ರಸಗಳಲ್ಲಿ ಖಾರ. ಅದರಿಂದಲೇ ಹುಟ್ಟಿದ ಮರಾಠಿಯ ‘ಕಡೂ’ ಎಂಬುದು ಕಹಿ. ಶಾಸ್ತ್ರದ ಶಬ್ದಗಳು ನಾಲಗೆಯಿಂದ ನಾಲಗೆಗೆ ಜಾರುವಾಗ ಹೀಗೆ ಸ್ಥಾನಪಲ್ಲಟವಾಗುತ್ತವೆ. ಬಲ್ಲವರು ಬಲ್ಲರು, ಆದರೆ ಬಿಸ್ಕತ್ತಿನ ಪೊಟ್ಟಣವನ್ನು ಬಲ್ಲವರಷ್ಟೇ ಕೊಳ್ಳುವುದಿಲ್ಲವಲ್ಲ.

ಖಾರದ ವಿಚಾರದಲ್ಲಿ ಮಾತ್ರ ಇಂಗ್ಲಿಷನ್ನು ಹಾಸ್ಯ ಮಾಡುವ ನಮ್ಮವರ ರೂಢಿ ಅಷ್ಟೇನೂ ನ್ಯಾಯವಾದುದಲ್ಲ. ‘ಹಾಟ್’ ಎಂಬ ಒಂದೇ ಮಾತಿನಲ್ಲಿ ಬಿಸಿಯನ್ನೂ ಖಾರವನ್ನೂ ತುಂಬಿ ಗೊಂದಲ ಮಾಡಿಕೊಂಡಿದ್ದಾರೆಂದು ನಾವು ನಗುತ್ತೇವೆ. ಹೋಟೆಲಿನ ಮಾಣಿ ‘ಹಾಟ್ ಬೇಕೇ ಸಾರ್?’ ಎಂದರೆ ಯಾವುದನ್ನು ಕೇಳಿದನೆಂದು ತಿಳಿಯದು, ನಿಜ. ಆದರೆ 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ಮೆಣಸಿನಕಾಯಿಯ ಖಾರದ್ರವ್ಯವು ನಮ್ಮ ನರಗಳ ಯಾವ ಬಾಗಿಲನ್ನು ತಟ್ಟುತ್ತದೆಂದು ಕಂಡುಹಿಡಿದರು. ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಬಿಸಿಗೆ ತೆರೆದುಕೊಳ್ಳುವ ಬಾಗಿಲೇ ಅದು! ಖಾರವನ್ನೂ ಸುಡುವ ಬಿಸಿಯನ್ನೂ ದೇಹವು ಒಂದೇ ದಾರಿಯಿಂದ ಅರಿಯುತ್ತದೆ. ಜೂಲಿಯಸ್ಸರಿಗೆ 2021ರ ನೊಬೆಲ್ ಪಾರಿತೋಷಕ ಸಂದಿತು. ಇಂಗ್ಲಿಷಿನ ಸಾಮಾನ್ಯ ಜನ ವಿಜ್ಞಾನಕ್ಕಿಂತ ಬಹು ಮೊದಲೇ ಸರಿಯಾದ ಮಾತನ್ನು ಆಡಿದ್ದರು. ನಾವೂ ‘ಬಾಯಿ ಉರಿಯಿತು’ ಎನ್ನುತ್ತೇವೆ. ಹೆಸರನ್ನು ಮಾತ್ರ ಬೇರೆ ಇಟ್ಟುಕೊಂಡೆವು. ಆ ಹೆಸರಾದರೂ ಎಲ್ಲಿಯದು? ಸಂಸ್ಕೃತದ ‘ಕ್ಷಾರ’ದಿಂದ ಬಂದದ್ದು. ಸುಣ್ಣದಂತೆ, ಬೂದಿಯ ತಿಳಿಯಂತೆ ಸುಡುವ ವಸ್ತುವಿನ ಹೆಸರು, ಪೋರ್ಚುಗೀಸರ ಕಾಲದಲ್ಲಿ ಬಂದಿಳಿದ ಮೆಣಸಿನಕಾಯಿಗೂ ಅಂಟಿಕೊಂಡಿತು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದಿದೆ. ಸಿಹಿಯಲ್ಲದ, ಉಪ್ಪು ಹುಳಿ ಸೇರಿದ ತಿನಿಸುಗಳಿಗೆಲ್ಲ ಇಂಗ್ಲಿಷಿನಲ್ಲಿ ‘ಸೇವರಿ’ ಎಂಬ ಮಾತುಂಟು. ಇದಕ್ಕೆ ಕನ್ನಡದಲ್ಲಿ ಪರ್ಯಾಯವಿಲ್ಲವೆಂದು ಅನುವಾದಕರು ಪೇಚಾಡುವುದನ್ನು ಕಂಡಿದ್ದೇವೆ. ಯಾವುದಾದರೂ ಊರಿನ ಬೇಕರಿಯ ಫಲಕವನ್ನು ಅವರು ತಲೆಯೆತ್ತಿ ನೋಡಿಲ್ಲವೆ? ‘ಸಿಹಿ ಮತ್ತು ಖಾರ ತಿಂಡಿಗಳು’ ಎಂದು ಅಲ್ಲಿ ಬರೆದಿರುತ್ತದೆ. ಖಾರಾಬಾತಿನಲ್ಲಿ ಖಾರವೆಷ್ಟು? ಪಕ್ಕದಲ್ಲಿ ಕೇಸರಿಬಾತು ಇರುವುದರಿಂದ ಮಾತ್ರ ಅದು ಖಾರಾಬಾತು. ಹೋಟೆಲಿನವರೂ ಬೇಕರಿಯವರೂ ಯಾವ ವಿದ್ವತ್ಸಭೆಯ ಅಪ್ಪಣೆಯನ್ನೂ ಕಾಯದೆ ‘ಸೇವರಿ’ಗೆ ಕನ್ನಡವನ್ನು ನಿರ್ಮಿಸಿ, ಬಳಸಿ, ನಮಗೆಲ್ಲ ಉಣಿಸಿಯೂ ಆಗಿದೆ.

‘ಟ್ಯಾಂಗಿ’ ಎಂಬುದರ ಗತಿಯೂ ಹಾಗೆಯೇ. ಹುಳಿಯೊಡನೆ ಇನ್ನೇನೋ ಸೇರಿ ನಾಲಗೆಯನ್ನು ಚುರುಕುಗೊಳಿಸುವ ಗುಣವದು. ಚಿಂತಾಮಣಿಯ ಸೀಮೆಯಲ್ಲಿ ಯುಗಾದಿಯ ದಿನ ಕನ್ನಡದ ಮನೆಗಳಲ್ಲಿ ಬೇವುಬೆಲ್ಲ, ತೆಲುಗಿನ ಮನೆಗಳಲ್ಲಿ ಪಚ್ಚಡಿ. ಬೇವಿನ ಹೂವು, ಬೆಲ್ಲ, ಹೊಸ ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಎಲ್ಲ ಕೂಡಿದ ಆ ಪಚ್ಚಡಿಯನ್ನು ಎರಡೂ ಮನೆಯವರು ಹಂಚಿ ತಿನ್ನುತ್ತಾರೆ; ತಿಂದು ‘ಹುಳಿ ಮುಂದಾಯಿತು’, ‘ಮಾವಿನಕಾಯಿಯ ಒಗರು ಚೆನ್ನಾಗಿ ಹಿಡಿದಿದೆ’, ‘ಕಹಿ ಕಡೆಗೆ ಬಂತು’ ಎನ್ನುತ್ತಾರೆ. ಈ ಮಾತುಗಳ ನಡೆಯನ್ನು ಗಮನಿಸಬೇಕು. ಇಂಗ್ಲಿಷು ರುಚಿಯನ್ನು ವಸ್ತುವಿನ ಮೇಲೆ ವಿಶೇಷಣವಾಗಿ ಅಂಟಿಸಿಬಿಡುತ್ತದೆ. ಕನ್ನಡದಲ್ಲಿ ರುಚಿ ಒಂದು ಘಟನೆ: ಅದು ಹತ್ತುತ್ತದೆ, ಹಿಡಿಯುತ್ತದೆ, ಮುಂದಾಗುತ್ತದೆ, ಹಿಂದಾಗುತ್ತದೆ, ಏರುತ್ತದೆ, ಇಳಿಯುತ್ತದೆ. ಸಾರು ಹಳಸುತ್ತದೆ, ಎಣ್ಣೆ ಕಮರುತ್ತದೆ, ಹಿಟ್ಟು ಮುಗ್ಗುತ್ತದೆ, ಪಲ್ಯ ಸೀಯುತ್ತದೆ. ‘ನಾಮಪದ ಸಾಲದು’ ಎಂದು ಕೊರಗುವವರು ನಮ್ಮ ಕ್ರಿಯಾಪದಗಳ ಕಣಜವನ್ನು ತೆರೆದು ನೋಡಿಲ್ಲ.

ಕಸುಬಿನ ಮಾತನ್ನು ತಂದು ಜನರ ಮುಂದೆ ಸುರಿದರೆ ಏನಾಗುತ್ತದೆಂಬುದಕ್ಕೆ ಕಾಫಿಯೇ ಸಾಕ್ಷಿ. ಭಾರತದ ಕಾಫಿಯಲ್ಲಿ ಅತಿ ಹೆಚ್ಚಿನ ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದರ ರುಚಿಪರೀಕ್ಷೆಯ ವಿದ್ಯೆಯೂ ಬೆಂಗಳೂರಿನಲ್ಲಿಯೇ ಬೆಳೆದದ್ದು. ಕಾಫಿ ಮಂಡಳಿಯಲ್ಲಿ ಗುಣಪರೀಕ್ಷೆಯನ್ನು ದೀರ್ಘಕಾಲ ನಡೆಸಿ, ಅನಂತರ ಸ್ವಂತ ಪ್ರಯೋಗಾಲಯವನ್ನು ಸ್ಥಾಪಿಸಿದ ಸುನಾಲಿನಿ ಮೆನನ್ ಅವರ ಹೆಸರು ಹೊರದೇಶಗಳಲ್ಲಿಯೂ ಪ್ರಸಿದ್ಧ. ಆದರೆ ಆ ವಿದ್ಯೆಯ ಮಾತುಗಳೆಲ್ಲ ಇಂಗ್ಲಿಷು. ‘ಅಸಿಡಿಟಿ’ ಎಂಬುದು ಅಲ್ಲಿ ಕಾಫಿಯ ಶ್ರೇಷ್ಠ ಗುಣಗಳಲ್ಲೊಂದು. ನಮ್ಮೂರಿನ ಹಿರಿಯರೊಬ್ಬರಿಗೆ ‘ಈ ಪುಡಿಯಲ್ಲಿ ಅಸಿಡಿಟಿ ಚೆನ್ನಾಗಿದೆ’ ಎಂದು ಹೇಳಿ ನೋಡಿ. ಅವರು ಲೋಟವನ್ನು ಕೆಳಗಿಟ್ಟು ಎದೆಯುರಿಯ ಗುಳಿಗೆಯನ್ನು ಹುಡುಕುತ್ತಾರೆ.

ಇನ್ನು ಸೊಗಡಿಗೆ ಮರಳೋಣ. ರುಚಿಯ ಬಹುಭಾಗ ಮೂಗಿನದೆಂಬುದನ್ನು 2020 ಮತ್ತು 2021ರಲ್ಲಿ ಕೋವಿಡ್ ಬಂದು ಲೋಕಕ್ಕೆಲ್ಲ ಕಲಿಸಿತು. ವಾಸನೆಯ ಶಕ್ತಿ ಹೋದ ಎಷ್ಟೋ ಜನರಿಗೆ ಉಪ್ಪು ತಿಳಿಯುತ್ತಿತ್ತು, ಹುಳಿ ತಿಳಿಯುತ್ತಿತ್ತು. ತಾವು ತಿನ್ನುತ್ತಿರುವುದು ಹುರುಳಿಯ ಸಾರೋ ತೊಗರಿಯ ಸಾರೋ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ‘ರುಚಿ ಹೋಯಿತು’ ಎಂದು ಅವರು ವೈದ್ಯರಿಗೆ ಹೇಳಿದರು. ನಿಜವಾಗಿ ಹೋದದ್ದು ಆಹಾರದ ಸೊಗಡು. ಇಂಗ್ಲಿಷರು ‘ಟೇಸ್ಟ್’, ‘ಫ್ಲೇವರ್’ ಎಂದು ಎರಡಾಗಿ ಹೇಳುವುದನ್ನು ನಾವು ರುಚಿ, ಸೊಗಡು ಎಂದು ಎರಡಾಗಿ ಹೇಳುವುದಕ್ಕೆ ಯಾವ ಅಡ್ಡಿಯಿದೆ?

ಅಡ್ಡಿ ಇರುವುದು, ಹೇಳಲು ಸಂಕೋಚ, ನಮ್ಮಂಥ ಸಾಹಿತ್ಯದ ಉಪಾಧ್ಯಾಯರ ಕಡೆಯಿಂದ. ಕನ್ನಡದ ವಿಮರ್ಶೆಯಲ್ಲಿ ‘ಮಣ್ಣಿನ ಸೊಗಡು’, ‘ದೇಸಿಯ ಸೊಗಡು’, ‘ಗ್ರಾಮೀಣ ಸೊಗಡು’ ಎಂಬ ಮಾತುಗಳು ಇಲ್ಲದ ಮುನ್ನುಡಿಯೇ ಇಲ್ಲ. ಅವರೆಯ ಹೊಲದಿಂದ ಎತ್ತಿಕೊಂಡು ಬಂದ ಶಬ್ದವನ್ನು ರೂಪಕಮಾಡಿ, ಮಾಡಿ, ಸವೆಸಿ, ಹೊಲವನ್ನೇ ಮರೆತಿದ್ದೇವೆ. ಅವರೆಕಾಯಿಯನ್ನು ಮೂಸದ ವಿಮರ್ಶಕನು ಕಾದಂಬರಿಯಲ್ಲಿ ಸೊಗಡನ್ನು ಕಾಣುತ್ತಾನೆ. ‘ಬ್ಯೂಟಿ’ ಎಂದು ಬರೆದ ವಿದ್ಯಾರ್ಥಿ ಬಹುಶಃ ಅಂಥ ಮುನ್ನುಡಿಗಳನ್ನು ಶ್ರದ್ಧೆಯಿಂದ ಓದಿದವನೇ ಇದ್ದಾನು.

ಪೊಟ್ಟಣದ ಮೇಲಿನ ‘ಫ್ಲೇವರ್’ಗಳಿಗೆಲ್ಲ ಸೊಗಡೆಂದು ಬರೆಯಬೇಕೆಂದು ನಾವು ಹೇಳುವುದಿಲ್ಲ. ಕಾನೂನು ಇಲ್ಲಿ ಒಂದು ಭೇದವನ್ನು ಬಯಸುತ್ತದೆ: ಸಹಜವಾದ ವಾಸನೆಯ ದ್ರವ್ಯವೇ, ಕೃತಕವೇ ಎಂದು ತಿಳಿಸಬೇಕು. ಪ್ರಯೋಗಶಾಲೆಯಲ್ಲಿ ತಯಾರಾದ ದ್ರವದ ಎರಡು ಹನಿಗೆ ಸೊಗಡೆಂಬ ಹೆಸರು ಒಪ್ಪುವುದಿಲ್ಲ. ‘ಕೃತಕ ಸೊಗಡು’ ಎಂಬ ಮಾತನ್ನು ಕೇಳಿದರೆ ಅಂಬಾಜಿದುರ್ಗದ ಅಜ್ಜಿಯರು ನಕ್ಕಾರು. ಅಂಥಲ್ಲಿ ‘ಕೃತಕ ವಾಸನೆ ಸೇರಿಸಿದೆ’ ಎಂದು ನೇರವಾಗಿ ಬರೆಯಲಿ. ವಸ್ತುವಿನದೇ ಆದ ಗುಣವಿರುವಲ್ಲಿ ಸೊಗಡು ಎನ್ನಲಿ. ಇಂಗ್ಲಿಷಿನ ಒಂದು ಮಾತು ಮುಚ್ಚಿಡುವ ಭೇದವನ್ನು ಕನ್ನಡದ ಎರಡು ಮಾತುಗಳು ಬಯಲಿಗೆ ತರುವುದಾದರೆ, ಕೊಳ್ಳುವವನಿಗೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲ. ಮಾರುವವನು ಏನೆನ್ನುವನೋ ತಿಳಿಯದು.

ಲಾಭನಷ್ಟದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನಾಡಿನ ಅವರೆ ಹಗಲು ಕಿರಿದಾಗುವ ಚಳಿಗಾಲದಲ್ಲಿ ಮಾತ್ರ ಹೂಬಿಡುವ ಗಿಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದಾದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ರೂಪಿಸಿದೆ. ರೈತರಿಗೆ ಇದು ದೊಡ್ಡ ಉಪಕಾರ. ಆದರೂ ಅಕಾಲದ ಅವರೆಯಲ್ಲಿ ಸೊಗಡು ಸಾಲದೆಂಬ ದೂರು ಸಂತೆಯಲ್ಲಿ ಕೇಳಿಬರುತ್ತಲೇ ಇದೆ. ಈ ದೂರು ಹುಟ್ಟಿರುವುದೇ ಆ ಮಾತು ಜನರ ಬಾಯಲ್ಲಿ ಇನ್ನೂ ಇರುವುದರಿಂದ. ಟೊಮೆಟೊದ ಪಾಡು ನೋಡಿ: ದೂರದ ಪೇಟೆಗೆ ಸಾಗುವ ಹಣ್ಣಿಗೆ ಸಿಪ್ಪೆ ಗಟ್ಟಿಯಿರಬೇಕು, ಬಣ್ಣ ಗಾತ್ರ ಒಂದೇ ಸಮನಿರಬೇಕು. ಮಂಡಿಯ ಹರಾಜಿನಲ್ಲಿ ಇವುಗಳಿಗೆ ಬೆಲೆಯುಂಟು, ಹುಳಿಗೆ ಬೆಲೆಯಿಲ್ಲ. ಸಾರಿಗೆ ನಾಟಿ ಹಣ್ಣೇ ಬೇಕೆನ್ನುವ ಗೃಹಿಣಿಯು ಉಳಿದದ್ದನ್ನು ‘ಸಪ್ಪೆ’ ಎಂದು ಬದಿಗೆ ಸರಿಸುವುದರಿಂದಷ್ಟೇ ನಾಟಿ ಇನ್ನೂ ಅಲ್ಲಲ್ಲಿ ಉಳಿದಿದೆ. ಆಕೆಯ ಮಗಳು ಎಲ್ಲವನ್ನೂ ‘ಓಕೆ’, ‘ಸೂಪರ್’ ಎಂಬ ಎರಡು ಮಾತಿನಲ್ಲಿ ಮುಗಿಸುವವಳಾದರೆ, ನಾಟಿಯನ್ನು ಕೇಳುವವರಿಲ್ಲದೆ ಬೆಳೆಯುವವರೂ ಇಲ್ಲವಾಗುತ್ತಾರೆ.

ಇಂಗ್ಲಿಷಿನಿಂದ ನಾವು ಕಲಿಯತಕ್ಕದ್ದೂ ಉಂಟು. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೇ ಇಕೇಡಾ ಸಮುದ್ರದ ಪಾಚಿಯ ಸಾರಿನಲ್ಲಿ ಹೊಸ ಮೂಲರುಚಿಯೊಂದನ್ನು ಗುರುತಿಸಿ ತನ್ನ ಭಾಷೆಯಲ್ಲಿಯೇ ‘ಉಮಾಮಿ’ ಎಂದು ಹೆಸರಿಟ್ಟನು. ಇಂಗ್ಲಿಷಿನ ವಿಜ್ಞಾನಿಗಳು ಬಹುಕಾಲ ಉದಾಸೀನರಾಗಿದ್ದು, ಕಡೆಗೆ ವಸ್ತುವನ್ನೂ ಒಪ್ಪಿದರು, ಜಪಾನೀ ಶಬ್ದವನ್ನೂ ಹಾಗೆಯೇ ತೆಗೆದುಕೊಂಡರು. ಇದ್ದವರ ಬಾಯಿಂದ ಮಾತನ್ನು ಎತ್ತಿಕೊಳ್ಳಲು ಆ ಭಾಷೆಗೆ ನಾಚಿಕೆಯಿಲ್ಲ. ಇಕೇಡಾನಂತೆ ತನ್ನ ಮಾತಿನಲ್ಲಿಯೇ ಹೆಸರಿಡಲು ನಮಗೇಕೆ ನಾಚಿಕೆಯೋ!

ಕಿಟೆಲರ 1894ರ ಕೋಶವಿದೆ, 1995ರಲ್ಲಿ ಪೂರ್ಣಗೊಂಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ. ಪರಿಷತ್ತಿನದು ಪ್ರಧಾನವಾಗಿ ಗ್ರಂಥಗಳನ್ನೂ ಶಾಸನಗಳನ್ನೂ ಆಧರಿಸಿದ್ದು, ಸಂತೆಯ ಮಾತಿಗೆ ಅಲ್ಲಿ ಇಕ್ಕಟ್ಟು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ರುಚಿಯ ಪರೀಕ್ಷೆಯನ್ನು ಶಾಸ್ತ್ರೀಯವಾಗಿ ನಡೆಸುವ ಸಂಸ್ಥೆ. ಕೃಷಿ ವಿಶ್ವವಿದ್ಯಾನಿಲಯಕ್ಕೆ ಚಿಂತಾಮಣಿಯಲ್ಲಿಯೇ ಒಂದು ಕಾಲೇಜಿದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಇವರನ್ನೂ ನಾಲ್ಕಾರು ನಿಘಂಟುಕಾರರನ್ನೂ ಒಂದೆಡೆ ಕೂರಿಸಿ, ಒಂದು ಅವರೆಯ ಕಾಲ, ಒಂದು ಹುಣಸೆಯ ಕಾಲ, ಒಂದು ಮಾವಿನ ಕಾಲ ಜಿಲ್ಲೆಜಿಲ್ಲೆಯ ಸಂತೆಗಳಲ್ಲಿ ಮಾತುಗಳನ್ನು ಕೇಳಿ ಬರೆದುಕೊಳ್ಳುವಂತೆ ಮಾಡಿದರೆ, ಪೊಟ್ಟಣ ಬರೆಯುವವರಿಗೆ ಕೊಡಬಹುದಾದ ನೂರಿನ್ನೂರು ಶಬ್ದಗಳ ಪಟ್ಟಿ ಒಂದು ವರ್ಷದಲ್ಲಿ ಸಿದ್ಧವಾದೀತು. ಖರ್ಚು ಹೆಚ್ಚಿಲ್ಲ, ಬಸ್ಸಿನ ಚೀಟಿ, ನೋಟುಪುಸ್ತಕ, ಕೊಂಡ ಕಾಯಿಯ ಬೆಲೆ ಇಷ್ಟೆ. ಮುಂದಿನ ಮಾರ್ಗಶಿರದಲ್ಲಿ ಅಂಬಾಜಿದುರ್ಗದ ಹೋಬಳಿಯಿಂದ ಇದನ್ನು ಆರಂಭಿಸಬಹುದು.